ಇಂಧನದ ಹದ, ಬೆಟ್ಟದ ನೆಮ್ಮದಿ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೂ ಎದುರಿನ ಕೆಂಬಂಡೆಗಳು ಅದನ್ನು ಮರುದನಿಸುತ್ತವೆ. ಅಂಥ ಕಣಿವೆಯಲ್ಲಿ ನಡುರಾತ್ರಿ ಸೈಲೆನ್ಸರ್ ಬದಲಿಸಿದ ಮೋಟಾರ್ ಸೈಕಲ್ಲೊಂದು ಹಾದುಹೋದರೆ, ಬೆಟ್ಟದಡಿಯ ಮನೆಗಳ ಕೂಸುಗಳಿಗೂ ಹಾಸಿಗೆ ಹಿಡಿದ ಹಿರಿಯರಿಗೂ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೂ ಅದರ ಪಾಲು ತಪ್ಪದೆ ಸಲ್ಲುತ್ತದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ದಿನಗಳಲ್ಲಂತೂ ಇದರ ಕಾಟ ಹೇಳತೀರದು.

ಬಾಗಲಕೋಟೆಯ ನವನಗರದಿಂದ ಹುನಗುಂದ, ಇಳಕಲ್ಲಿನವರೆಗೆ ಗಾಡಿ ಮಾರ್ಪಡಿಸುವ ಹವ್ಯಾಸ ತರುಣರಲ್ಲಿ ಬೆಳೆದಿದೆ. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ಇಂಧನವನ್ನು ಹದಗೊಳಿಸುವ ವಿದ್ಯುನ್ಮಾನ ಸಾಧನಗಳಲ್ಲಿ ಯಾವುದನ್ನು ಕೊಳ್ಳಬೇಕು? ಪರಿಸರದ ಪತ್ರಿಕೆಗೆ ಈ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಬೈದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡದೆ ಬೆಟ್ಟವನ್ನು ಉಳಿಸಲಾಗದು ಎಂಬುದು ನಮ್ಮ ನಂಬಿಕೆ.

ಮೊದಲು ಎಂಜಿನ್ನಿನ ಊಟದ ಲೆಕ್ಕವನ್ನು ತಿಳಿಯೋಣ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಜೋಳದ ಹಿಟ್ಟು ನಾದುವವರಿಗೆ ಹದವೆಂದರೇನೆಂದು ಹೇಳಿಕೊಡಬೇಕಿಲ್ಲ. ನೀರು ಕಡಿಮೆಯಾದರೆ ರೊಟ್ಟಿ ಬಿರಿಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ. ಹಾಗೆಯೇ ಇಂಧನ ಹೆಚ್ಚಾದರೆ ಇಂಗಾಲದ ಮಾನಾಕ್ಸೈಡ್ ಮತ್ತು ಅರೆಬೆಂದ ಹೈಡ್ರೋಕಾರ್ಬನ್ನುಗಳು ಹೊರಬೀಳುತ್ತವೆ. ಸ್ವಲ್ಪ ಕಡಿಮೆಯಾದರೆ ಎಂಜಿನ್ ಕಾಯುತ್ತದೆ, ಸಾರಜನಕದ ಆಕ್ಸೈಡುಗಳು ಏರುತ್ತವೆ. ಸೈಲೆನ್ಸರಿನ ದಾರಿಯಲ್ಲಿರುವ ಕ್ರಿಯಾವರ್ಧಕವು ಈ ಮೂರನ್ನೂ ಒಟ್ಟಿಗೆ ಶುದ್ಧಗೊಳಿಸುವುದು ಮಿಶ್ರಣವು ಆ ಕಿರಿದಾದ ಹದದಲ್ಲಿದ್ದಾಗ ಮಾತ್ರ. ಆಮ್ಲಜನಕದ ಸಂವೇದಕವೊಂದು ಹೊಗೆಯನ್ನು ಮೂಸಿ ನೋಡಿ, ಇಸಿಯು ಎಂಬ ಪುಟ್ಟ ಗಣಕಕ್ಕೆ ಸುದ್ದಿ ಮುಟ್ಟಿಸಿ, ಹದವನ್ನು ಕ್ಷಣಕ್ಷಣಕ್ಕೂ ತಿದ್ದಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ತರುವಾಯ ಕಾರ್ಬೊರೇಟರಿನ ಬದಲು ಈ ವ್ಯವಸ್ಥೆಯೇ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿದೆ.

ಹಾಗಿದ್ದರೆ ಬೇರೊಂದು ಸಾಧನದ ಅಗತ್ಯ ಎಲ್ಲಿಂದ ಬಂತು? ತರುಣನು ಮೊದಲು ಮೂಲ ಸೈಲೆನ್ಸರನ್ನು ಬಿಚ್ಚಿ, ಕ್ರಿಯಾವರ್ಧಕವಿಲ್ಲದ ಖಾಲಿ ಕೊಳವೆಯನ್ನು ಹಾಕಿಸುತ್ತಾನೆ. ಅದರ ಜೊತೆಗೆ ಗಾಳಿಯ ಶೋಧಕವನ್ನೂ ಬದಲಿಸುತ್ತಾನೆ. ಗಾಳಿ ಹೆಚ್ಚು ಹರಿದು ಮಿಶ್ರಣ ಬಡವಾಗುತ್ತದೆ. ಗಾಡಿ ಪಟಪಟ ಸಿಡಿಯುತ್ತದೆ, ಕಾಯುತ್ತದೆ. ಆಗ ಇಂಧನ ಹೆಚ್ಚಿಸುವ ಪೆಟ್ಟಿಗೆಯನ್ನು ಹುಡುಕುತ್ತಾನೆ. ತಾನೇ ತಂದುಕೊಂಡ ರೋಗಕ್ಕೆ ತಾನೇ ದುಡ್ಡು ತೆತ್ತು ಮದ್ದು ಕೊಳ್ಳುವ ಪರಿ ಇದು.

ಈ ಮದ್ದುಗಳಲ್ಲಿ ನಾಲ್ಕು ಬಗೆಗಳಿವೆ. ಇಸಿಯುವಿನ ಜೊತೆಗೂಡಿ ಅದರ ಆಜ್ಞೆಯನ್ನು ತಿದ್ದುವ ಪೆಟ್ಟಿಗೆಗಳು ಮೊದಲನೆಯವು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್, ಅಮೆರಿಕದ ಡೈನೋಜೆಟ್ ಸಂಸ್ಥೆಯ ಪವರ್ ಕಮಾಂಡರ್ ಈ ಬಗೆಯವು. ಮೂಲ ಇಸಿಯುವಿನ ಲೆಕ್ಕವನ್ನೇ ಅಳಿಸಿ ಬೇರೆ ಬರೆಯುವುದು ಎರಡನೆಯದು. ಇಸಿಯುವನ್ನೇ ತೆಗೆದು ಸ್ಪರ್ಧೆಯ ಗಾಡಿಗಳಂತೆ ಹೊಸದನ್ನು ಕೂಡಿಸುವುದು ಮೂರನೆಯದು. ಸಂವೇದಕದ ಸುದ್ದಿಯನ್ನು ತಿರುಚಿ ಇಸಿಯುವಿಗೆ ಸುಳ್ಳು ಹೇಳಿ ಸದಾಕಾಲ ಇಂಧನ ಹೆಚ್ಚಿಸುವ ಅಗ್ಗದ ತುಂಡುಗಳು ನಾಲ್ಕನೆಯವು. ಕೊನೆಯ ಬಗೆಯನ್ನು ಯಾರೂ ಮುಟ್ಟಬಾರದು. ಹಸಿದವನಿಗೂ ಉಂಡವನಿಗೂ ಒಂದೇ ಅಳತೆ ಬಡಿಸುವ ಸಾಧನವದು. ಉಳಿದವುಗಳನ್ನು ಅಳೆಯಲು ನಾಲ್ಕು ಪ್ರಶ್ನೆಗಳು ಸಾಕು. ಅದು ಆಮ್ಲಜನಕದ ಸಂವೇದಕದ ಮಾತನ್ನು ಕೇಳುತ್ತದೆಯೇ? ಕ್ರಿಯಾವರ್ಧಕವನ್ನು ಉಳಿಸಿಕೊಂಡು ನಡೆಯುತ್ತದೆಯೇ? ಅದರ ಲೆಕ್ಕವನ್ನು ಇದೇ ಗಾಡಿಯ ಮೇಲೆ, ಇಲ್ಲಿ ಸಿಗುವ ಪೆಟ್ರೋಲಿನಿಂದ ಅಳೆದು ಮಾಡಿದ್ದಾರೆಯೇ? ಬೇಡವೆನಿಸಿದಾಗ ಕಳಚಿ ಮೊದಲಿನಂತೆ ಮಾಡಬಹುದೇ?

ಇಲ್ಲಿಯ ಪೆಟ್ರೋಲಿನ ಮಾತನ್ನೂ ಹೇಳಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿದೆ. ಅದನ್ನು ತಯಾರಿಸುವ ಸಕ್ಕರೆ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲಿಯೂ ಇವೆ. ಎಥನಾಲಿಗೆ ಒಂಬತ್ತು ಪಾಲು ಗಾಳಿ ಸಾಕಾದ್ದರಿಂದ ಈ ಮಿಶ್ರಣದ ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಸಂವೇದಕವುಳ್ಳ ಗಾಡಿ ಇದನ್ನು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಅದಕ್ಕಾಗಿ ಪೆಟ್ಟಿಗೆ ಬೇಕಿಲ್ಲ. ಹಳೆಯ ಕಾರ್ಬೊರೇಟರ್ ಗಾಡಿಗೆ ಬೇಕಾದದ್ದು ಬಲ್ಲ ಮಿಸ್ತ್ರಿಯಿಂದ ಜೆಟ್ ಮತ್ತು ರಬ್ಬರ್ ಕೊಳವೆಗಳ ತಪಾಸಣೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ದೂಳು ಕುಡಿಯುವ ಗಾಡಿಗಳಿಗೆ ಗಾಳಿಯ ಶೋಧಕವನ್ನು ಕಾಲಕಾಲಕ್ಕೆ ಬದಲಿಸುವುದೇ ದೊಡ್ಡ ಉಪಚಾರ.

ಕಾನೂನಿನ ಮಾತು ಇನ್ನೂ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದು. ಹೊಸ ಗಾಡಿಯ ಶಬ್ದಕ್ಕೆ ಮಿತಿಯೂ ಇದೆ: 175 ಸಿಸಿ ಮೀರಿದ ಮೋಟಾರ್ ಸೈಕಲ್ಲಿಗೆ 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾದಂತೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಲಿ. ಹೊಗೆ ತಪಾಸಣೆಯ ಚೀಟಿ ಇದೆಯೆಂದು ಸಮಾಧಾನಪಡುವುದೂ ಸಲ್ಲದು. ನಿಂತ ಗಾಡಿಯ ಹೊಗೆಯನ್ನು ನೋಡುವ ಆ ಪರೀಕ್ಷೆಗೆ ಏರುದಾರಿಯಲ್ಲಿ ಅದು ಉಗುಳುವುದು ಕಾಣದು.

ಆದ್ದರಿಂದ ನಮ್ಮ ಉತ್ತರ ಇಷ್ಟು. ಮೂಲ ಸೈಲೆನ್ಸರನ್ನು ಉಳಿಸಿಕೊಂಡವನಿಗೆ ಯಾವ ಪೆಟ್ಟಿಗೆಯೂ ಬೇಡ. ಬಿಚ್ಚಿಟ್ಟವನು ಅದನ್ನು ಮತ್ತೆ ಕೂಡಿಸಲಿ. ಸ್ಪರ್ಧೆಯ ಆಸೆಯಿದ್ದರೆ ಅದು ಮುಚ್ಚಿದ ಪಥದ ಮೇಲೆ, ಅದಕ್ಕೆಂದೇ ಇಟ್ಟ ಗಾಡಿಯಲ್ಲಿ ನಡೆಯಲಿ. ಮೇಲಿನ ನಾಲ್ಕು ಪ್ರಶ್ನೆಗಳು ಅಲ್ಲಿಯೂ ಪ್ರಯೋಜನಕ್ಕೆ ಬರುತ್ತವೆ.

ತರುಣರನ್ನಷ್ಟೇ ದೂರುವುದು ನ್ಯಾಯವಲ್ಲ. ಕಲ್ಲು ಹೊತ್ತು ಹೊಗೆಯುಗುಳುವ ಲಾರಿಗಳ ವಿಷಯದಲ್ಲಿ ಸುಮ್ಮನಿದ್ದು ಹುಡುಗನೊಬ್ಬನ ಬೈಕನ್ನು ಮಾತ್ರ ತಡೆದು ನಿಲ್ಲಿಸಿದರೆ ಅವನು ನಮ್ಮ ಮಾತನ್ನು ಏಕೆ ಕೇಳಬೇಕು? ಎರಡಕ್ಕೂ ಒಂದೇ ಅಳತೆಗೋಲು ಇರಲಿ. ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಾತ್ರೆಗೆ ಮುನ್ನ ಊರೂರಿನಲ್ಲಿ ಹೊಗೆ ಮತ್ತು ಶಬ್ದ ಅಳೆಯುವ ಶಿಬಿರ ನಡೆಸಲಿ. ದಂಡ ಹಾಕಲಿಕ್ಕಲ್ಲ, ಪ್ರತಿಯೊಬ್ಬನಿಗೂ ತನ್ನ ಗಾಡಿಯ ಅಂಕಿ ತಿಳಿಸಲಿಕ್ಕೆ. ಗ್ಯಾರೇಜಿನ ಮಿಸ್ತ್ರಿಗಳು ಮಾರುವ ಮುನ್ನ ನಿಜ ಹೇಳಲಿ. ಮನೆಯ ಹಿರಿಯರು ದುಡ್ಡು ಕೊಡುವ ಮುನ್ನ ಒಂದು ಮಾತು ಕೇಳಲಿ: ‘ತಮ್ಮಾ, ಈ ಸದ್ದು ಯಾರಿಗಾಗಿ?’