ಆ್ಯಪ್ ರಚಿಸುವ ತರುಣರೂ ಕನ್ನಡದ ಸಮಾಚಾರವೂ

ಮೊಬೈಲು ಈಗ ನಮ್ಮ ನಾಡಿನಲ್ಲಿ ಕೇವಲ ಮಾತನಾಡುವ ಯಂತ್ರವಾಗಿ ಉಳಿದಿಲ್ಲ. ಬೈಲಹೊಂಗಲದ ಪೇಟೆಗೆ ಹತ್ತಿಯನ್ನು ತರುವ ಒಕ್ಕಲಿಗನು ಧಾರಣೆಯನ್ನು ಅದರಲ್ಲಿ ನೋಡುತ್ತಾನೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜಾತ್ರೆಯ ಚಿತ್ರವನ್ನು ಅದರಲ್ಲಿಯೇ ತೆಗೆದು ಮನೆಗೆ ಕಳುಹುತ್ತಾರೆ. ರಾಮದುರ್ಗದ ವಿದ್ಯಾರ್ಥಿಯು ಪಾಠವನ್ನು ಅದರಲ್ಲಿಯೇ ಕೇಳುತ್ತಾನೆ. ಅಕ್ಷರ, ಧ್ವನಿ, ಚಿತ್ರ, ಚಲಚ್ಚಿತ್ರ ಇವೆಲ್ಲವನ್ನೂ ಒಂದೇ ಅಂಗೈಯಗಲದ ಹಲಗೆಯ ಮೇಲೆ ಕೂಡಿಸಿ ಕೊಡುವ ತಂತ್ರಾಂಶಗಳಿಗೆ ಬಹುಮಾಧ್ಯಮ ಆ್ಯಪ್ ಎಂದು ಹೆಸರು. ಇವನ್ನು ಬಳಸುವವರ ಲಾಭನಷ್ಟಗಳನ್ನು ಕುರಿತು ಎಲ್ಲೆಲ್ಲಿಯೂ ಚರ್ಚೆ ನಡೆದಿದೆ. ಇವನ್ನು ರಚಿಸುವವರ ವಿಷಯವಾಗಿ, ಅದರಲ್ಲಿಯೂ ರಾಜಧಾನಿಯ ಹೊರಗೆ ಕುಳಿತು ಕನ್ನಡದಲ್ಲಿ ರಚಿಸಬಯಸುವ ತರುಣರ ವಿಷಯವಾಗಿ, ಆಡಬೇಕಾದ ಮಾತುಗಳು ಇನ್ನೂ ಉಳಿದಿವೆ. ಅವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಬೇರೆ ಕಸುಬುಗಳಿಗೂ ಈ ಕಸುಬಿಗೂ ಒಂದು ಅಂತರವುಂಟು. ಬಡಿಗನು ಒಮ್ಮೆ ಕಲಿತ ಉಳಿಯ ಹಿಡಿತವು ಅವನ ಮೊಮ್ಮಗನ ಕಾಲಕ್ಕೂ ನಡೆದೀತು. ಆ್ಯಪ್ ರಚಿಸುವವನ ಉಪಕರಣಗಳೂ ನಿಬಂಧನೆಗಳೂ ವರ್ಷವರ್ಷಕ್ಕೆ ಬದಲಾಗುತ್ತವೆ. ಬದಲಾದ ಸುದ್ದಿ ತಿಳಿಯದವನ ಕೆಲಸವು ಎಷ್ಟೇ ಒಳ್ಳೆಯದಾಗಿದ್ದರೂ ಅಂಗಡಿಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಈಚಿನ ಕೆಲವು ಸಂಗತಿಗಳನ್ನೇ ನೋಡಬಹುದು. ಹಾಡು, ಚಲಚ್ಚಿತ್ರಗಳನ್ನು ನುಡಿಸಲು ಆಂಡ್ರಾಯ್ಡ್ ರಚಕರು ಬಹುಕಾಲ ನೆಚ್ಚಿಕೊಂಡಿದ್ದ ಎಕ್ಸೋಪ್ಲೇಯರ್ ಎಂಬ ಸಾಧನವು ಸ್ವತಂತ್ರವಾಗಿ ಬರುವುದು 2024ರಲ್ಲಿ ನಿಂತು, ಮೀಡಿಯಾ3 ಎಂಬ ಹೊಸ ಭಂಡಾರದೊಳಗೆ ಸೇರಿಹೋಯಿತು. ಬಳಸುವವನ ಚಿತ್ರಸಂಗ್ರಹವನ್ನೆಲ್ಲ ತೆರೆದು ನೋಡುವ ಅನುಮತಿ ಬೇಡುವ ಆ್ಯಪ್‌ಗಳಿಗೆ ಗೂಗಲ್ ಪ್ಲೇ ಅಂಗಡಿಯವರು 2025ರಲ್ಲಿ ಕಡಿವಾಣ ಹಾಕಿದರು; ಎಲ್ಲೋ ಒಮ್ಮೆ ಒಂದು ಚಿತ್ರ ಬೇಕಾದವನು ಆ ಒಂದನ್ನೇ ಆರಿಸಿ ಕೊಡುವ ಕಿಟಕಿಯನ್ನು ಬಳಸತಕ್ಕದ್ದೆಂದು ವಿಧಿಸಿದರು. ಜನರ ಖಾಸಗಿ ಬಾಳಿನ ರಕ್ಷಣೆಯ ದೃಷ್ಟಿಯಿಂದ ಇದು ಯೋಗ್ಯವಾದ ನಿಯಮವೆಂದೇ ನಮ್ಮ ಮತ. ಅದೇ ವರ್ಷದ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳೂ ತಿದ್ದುಪಡಿಗಳೂ ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕೆಂದಾಯಿತು. ನವೆಂಬರ್ 1ರಿಂದ, ಸ್ಮೃತಿಯ ಪುಟದ ಅಳತೆಯನ್ನು 4 ಕಿಲೋಬೈಟಿನಿಂದ 16 ಕಿಲೋಬೈಟಿಗೆ ಏರಿಸಿದ ಯಂತ್ರಗಳಲ್ಲಿಯೂ ಅವು ನಡೆಯಬೇಕೆಂದಾಯಿತು. ಈ ಕೊನೆಯದು ಕೇಳುವುದಕ್ಕೆ ಕ್ಷುಲ್ಲಕವಾಗಿ ತೋರುತ್ತದೆ. ಆದರೆ ಧ್ವನಿ, ಚಿತ್ರಗಳನ್ನು ಬಿಚ್ಚಿ ಕಟ್ಟುವ ವೇಗದ ಭಾಗಗಳನ್ನು ಸಿ ಭಾಷೆಯಲ್ಲಿ ಬರೆದು ಸೇರಿಸುವವರ ಮೇಲೆಯೇ, ಅಂದರೆ ವಿಶೇಷವಾಗಿ ಬಹುಮಾಧ್ಯಮದವರ ಮೇಲೆಯೇ, ಅದರ ಭಾರ ಬಿದ್ದಿತು. ಸಕಾಲದಲ್ಲಿ ತಿಳಿದವನಿಗೆ ಅದು ಒಂದು ವಾರದ ಕೆಲಸ. ತಿಳಿಯದವನಿಗೆ ಒಂದು ದಿನ ಹಠಾತ್ತಾಗಿ ಬಂದೆರಗುವ ನಿರಾಕರಣೆಯ ಪತ್ರ.

ಇನ್ನೊಂದು ನಿಯಮವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. 2023ರ ನವೆಂಬರ್ 13ರ ತರುವಾಯ ಸ್ವಂತ ಹೆಸರಿನಲ್ಲಿ ಖಾತೆ ತೆರೆದವನು ತನ್ನ ಆ್ಯಪನ್ನು ಪ್ಲೇ ಅಂಗಡಿಯಲ್ಲಿ ಸರ್ವರಿಗೂ ತೆರೆದಿಡುವ ಮುಂಚೆ ಕನಿಷ್ಠ 20 ಮಂದಿ ಪರೀಕ್ಷಕರನ್ನು ಎಡೆಬಿಡದೆ 14 ದಿವಸ ಹೊಂದಿರಬೇಕೆಂದು ಮೊದಲು ಗೊತ್ತು ಮಾಡಿದರು. 2024ರ ಡಿಸೆಂಬರಿನಲ್ಲಿ 20ನ್ನು 12ಕ್ಕೆ ಇಳಿಸಿದರು. ಸಂಸ್ಥೆಗಳ ಖಾತೆಗಳಿಗೆ ಈ ಬಂಧನವಿಲ್ಲ. ಒಂಟಿಯಾಗಿ ದುಡಿಯುವವನಿಗೆ ಮಾತ್ರ ಉಂಟು. ಖಾತೆಯ ಶುಲ್ಕ 25 ಡಾಲರು. ಒಮ್ಮೆ ತೆತ್ತರೆ ಮುಗಿಯಿತು, ಸಾಲಸೋಲ ಮಾಡಿಯಾದರೂ ತೆರಬಹುದು. ಹನ್ನೆರಡು ಮಂದಿಯನ್ನು ಎಲ್ಲಿಂದ ತರುವುದು? ಬೆಂಗಳೂರಿನ ತರುಣನಿಗೆ ಇದು ತೊಡಕೇ ಅಲ್ಲ. ಪಕ್ಕದ ಮೇಜಿನವರು, ಹೋದ ತಿಂಗಳ ಸಭೆಯಲ್ಲಿ ಪರಿಚಯವಾದವರು, ಕಾಲೇಜಿನ ಜೊತೆಗಾರರು ಸಂಜೆಯೊಳಗೆ ಒಪ್ಪಿಬಿಡುತ್ತಾರೆ. ಹಳ್ಳಿಯವನು ಹಣಕ್ಕೆ ಪರೀಕ್ಷಕರನ್ನು ಒದಗಿಸುವ ದಲ್ಲಾಳಿಗಳ ಕೈಗೆ ಬೀಳುತ್ತಾನೆ. ಹಾಗೆ ಬಂದ ಪರೀಕ್ಷಕರು ಕನ್ನಡದ ಒಂದಕ್ಷರವನ್ನೂ ಓದಲಾರದವರಾಗಿದ್ದರೆ ಆ ಪರೀಕ್ಷೆಯಿಂದ ಕನ್ನಡದ ಆ್ಯಪಿಗೆ ಆಗುವ ಗುಣವೇನು? ವಿಚಿತ್ರವೆಂದರೆ, ಹನ್ನೆರಡು ಮಂದಿಯನ್ನು ಕೂಡಿಸುವುದರಲ್ಲಿ ಹಳ್ಳಿಗಿಂತ ಸಮರ್ಥವಾದ ಸ್ಥಳ ಇನ್ನೊಂದಿಲ್ಲ. ಭಜನೆಗೆ, ಬಯಲಾಟಕ್ಕೆ, ಡೊಳ್ಳಿನ ಮೇಳಕ್ಕೆ ಕರೆದರೆ ಹನ್ನೆರಡಲ್ಲ, ಇಪ್ಪತ್ತುನಾಲ್ಕು ಮಂದಿ ಬರುತ್ತಾರೆ. ಹದಿನಾಲ್ಕು ದಿವಸವಲ್ಲ, ಹಬ್ಬ ಮುಗಿಯುವ ತನಕ ಇರುತ್ತಾರೆ. ಈ ಹೊಸ ಮೇಳಕ್ಕೆ ಏಕೆ ಕರೆಯುತ್ತಿದ್ದಾರೆಂಬುದನ್ನು ಅವರ ಮಾತಿನಲ್ಲಿ ಅವರಿಗೆ ತಿಳಿಸಿ ಹೇಳುವವರು ಬೇಕು, ಅಷ್ಟೇ.

ಸುದ್ದಿಯ ಮಾತು ಹೀಗಾದರೆ ಸಭೆಗಳ ಮಾತು ಇನ್ನೂ ವಿಷಾದಕರವಾಗಿದೆ. ಡ್ರಾಯ್ಡ್‌ಕಾನ್ ಎಂಬ ಆಂಡ್ರಾಯ್ಡ್ ರಚಕರ ಸಮ್ಮೇಲನವು ಭಾರತದಲ್ಲಿ ಮೊದಲು ನೆರೆದುದು 2011ರಲ್ಲಿ, ಬೆಂಗಳೂರಿನಲ್ಲಿ. ಆ್ಯಪಲ್ ಕಂಪನಿಯವರು ರಚಕರಿಗೆ ತಿಳಿವಳಿಕೆ ಕೊಡುವ ಕೇಂದ್ರವನ್ನು 2017ರಲ್ಲಿ ತೆರೆದುದು ಬೆಂಗಳೂರಿನಲ್ಲಿ. ಗೂಗಲ್‌ನವರು ತಮ್ಮ ವಾರ್ಷಿಕ ಸಮಾವೇಶದ ಬೆನ್ನಿಗೆ ಭಾರತದ ರಚಕರನ್ನು 2024ರಲ್ಲಿಯೂ 2025ರಲ್ಲಿಯೂ ಕೂಡಿಸಿದುದು ಬೆಂಗಳೂರಿನಲ್ಲಿ. ಸರಕಾರದ ತಾಂತ್ರಿಕ ಮೇಳವು 1998ರಿಂದ ಅಲ್ಲಿಯೇ ನಡೆಯುತ್ತ ಬಂದಿದೆ. ಅನಿಮೇಶನ್, ದೃಶ್ಯಚಮತ್ಕಾರ, ಆಟ ಮತ್ತು ಚಿತ್ರಕಥೆಗಳ ಉದ್ಯಮಕ್ಕೆಂದೇ ದೇಶದಲ್ಲಿ ಮೊಟ್ಟಮೊದಲು 2012ರಲ್ಲಿ ಒಂದು ನೀತಿಯನ್ನು ರಚಿಸಿದ ಹೆಗ್ಗಳಿಕೆ ಕರ್ನಾಟಕ ಸರಕಾರದ್ದು. ಅದರ ಹೊಸ ಆವೃತ್ತಿಯನ್ನು 2024ರಲ್ಲಿ ಸಾರಿದುದೂ ಬೆಂಗಳೂರಿನ ಸಮ್ಮೇಲನವೊಂದರಲ್ಲಿಯೇ. ಬೆಂಗಳೂರಿನ ಮೇಲೆ ನಮಗೆ ಮತ್ಸರವಿಲ್ಲ. ಕನ್ನಡಿಗರ ರಾಜಧಾನಿಯು ಜಗತ್ತಿನ ಗಮನವನ್ನು ಸೆಳೆದಿರುವುದು ಹೆಮ್ಮೆಯ ವಿಷಯವೇ. ಆದರೆ ಸಂಪಗಾಂವದಿಂದ ಅದು ಹೆಚ್ಚುಕಡಿಮೆ 500 ಕಿಲೋಮೀಟರು ದೂರ. ಎರಡು ದಿನದ ಸಭೆಗೆ ಎರಡು ರಾತ್ರಿಯ ಬಸ್ಸು, ವಸತಿ, ಊಟ, ಹಲವೆಡೆ ಪ್ರವೇಶದ ಹಣ. ಹೋಗಿ ಕುಳಿತ ಮೇಲೆ ಭಾಷಣವು ಇಂಗ್ಲಿಷಿನಲ್ಲಿ, ಭಾಷಣದ ನಡುವಿನ ಹರಟೆಯೂ ಇಂಗ್ಲಿಷಿನಲ್ಲಿ. ನಮ್ಮ ತರುಣನು ಎರಡು ದಿನವೂ ಗೋಡೆಗೊರಗಿ ನಿಂತು ಹಿಂದಿರುಗಿದರೆ ಆಶ್ಚರ್ಯವಿಲ್ಲ.

ಭಾಷಣಗಳೆಲ್ಲ ಈಗ ಇಂಟರ್ನೆಟ್ಟಿನಲ್ಲಿ ದೊರೆಯುವುವು, ಮನೆಯಲ್ಲಿಯೇ ಕುಳಿತು ನೋಡಬಾರದೇಕೆ, ಎಂದು ಕೆಲವರು ಕೇಳಬಹುದು. ನೋಡಬಹುದು, ನೋಡತಕ್ಕದ್ದೇ. ಆದರೆ ಇಂತಹ ಕೂಟಗಳ ಸಾರವಿರುವುದು ವೇದಿಕೆಯ ಮೇಲಿನ ಭಾಷಣಕ್ಕಿಂತ ಹೆಚ್ಚಾಗಿ ಚಹದ ಹೊತ್ತಿನಲ್ಲಿ. ತಾನು ಮೂರು ತಿಂಗಳು ಹೆಣಗಾಡಿದ ದೋಷವನ್ನು ಇನ್ನೊಬ್ಬನು ಮೂರು ಮಾತಿನಲ್ಲಿ ಬಿಡಿಸಿಕೊಡುವುದು ಅಲ್ಲಿ. ಕೆಲಸ ಕೊಡುವವನೂ ಬೇಡುವವನೂ ಒಬ್ಬರನ್ನೊಬ್ಬರು ಕಾಣುವುದು ಅಲ್ಲಿ. ಇಂಗ್ಲಿಷನ್ನು ಕಲಿತುಕೊಳ್ಳಲಿ ಎಂಬ ವಾದಕ್ಕೂ ನಮ್ಮ ವಿರೋಧವಿಲ್ಲ. ತಂತ್ರಾಂಶದ ಭಾಷೆಗಳೇ ಇಂಗ್ಲಿಷಿನ ಪದಗಳಿಂದ ಕಟ್ಟಲ್ಪಟ್ಟಿರುವಾಗ ಅದನ್ನು ದೂರವಿಡುವುದು ಹುಚ್ಚುತನ. ಆದರೆ ಒಂದು ಕಸುಬನ್ನು ಕಲಿಯಲು ಬೇಕಾದಷ್ಟು ಇಂಗ್ಲಿಷು ಬೇರೆ. ಕರಾರಿನ ಷರತ್ತುಗಳ ಒಳಸುಳಿಯನ್ನು ತಿಳಿಯಲು, ಅಪರಿಚಿತರ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಲು ಬೇಕಾದ ಇಂಗ್ಲಿಷು ಬೇರೆ. ಮೊದಲನೆಯದು ನಮ್ಮ ಎಷ್ಟೋ ತರುಣರಿಗೆ ಉಂಟು. ಎರಡನೆಯದು ಬರುವ ತನಕ ಅವರು ಕಾದಿರಬೇಕೆಂಬುದು ನ್ಯಾಯವಲ್ಲ.

ಒಂದು ಭಾಷೆಯ ಕಾರ್ಯಕರ್ತರು ಒಂದೇ ಪಟ್ಟಣದಲ್ಲಿ ನೆಲೆನಿಂತರೂ ಅವರ ಸಮ್ಮೇಲನವು ಅಲ್ಲಿಯೇ ಬೇರುಬಿಡಬೇಕಾಗಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ಒಳ್ಳೆಯ ಮೇಲ್ಪಂಕ್ತಿಯುಂಟು. ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಆದರೂ ಅದರ ಸಮ್ಮೇಲನವು 1918ರಲ್ಲಿ ಧಾರವಾಡಕ್ಕೆ ಬಂದಿತು, 1923ರಲ್ಲಿ ವಿಜಾಪುರಕ್ಕೆ ಹೋಯಿತು, 1926ರಲ್ಲಿ ಬಳ್ಳಾರಿಯಲ್ಲಿ ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ನೆರೆಯಿತು, 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರನ್ನು ಪೀಠದಲ್ಲಿ ಕುಳ್ಳಿರಿಸಿತು. ಆ ದಿನಗಳಲ್ಲಿ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ರೈಲು ಬದಲಿಸುತ್ತ, ಗಾಡಿ ಹೂಡುತ್ತ ಹೋಗಬೇಕಾಗಿತ್ತು. ಹೋದರು. ಇಂದು ಹೆದ್ದಾರಿಯು ಕಿತ್ತೂರಿನ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಆ್ಯಪ್ ರಚಕರ ಸಮ್ಮೇಲನಕ್ಕೆ ಮಾತ್ರ ಆ ದಾರಿ ತಿಳಿಯದು!

ಇಷ್ಟಕ್ಕೂ ಸಂಪಗಾಂವದ ತರುಣನು ರಚಿಸುವುದಕ್ಕೆ ಏನುಂಟು ಎಂದು ಕೇಳುವವರು ಈ ಸೀಮೆಯನ್ನು ಅರಿಯದವರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯು 19ನೆಯ ಶತಮಾನದಲ್ಲಿ ಈ ಭಾಗದ ಲಾವಣಿಗಳನ್ನು ಕೂಡಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದನು; ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲೊಂದು. ಪದಗಳು ಉಳಿದವು, ಧಾಟಿಯು ಕಾಗದದ ಮೇಲೆ ನಿಲ್ಲಲಿಲ್ಲ. ದಪ್ಪಿನ ಪೆಟ್ಟು, ಹಿಮ್ಮೇಳದವರ ಏರುದನಿ, ಹಾಡುವವನ ಮುಖಭಾವ, ಮಗ್ಗುಲಲ್ಲಿ ಸಾಹಿತ್ಯ, ಕಠಿಣ ಪದಕ್ಕೆ ಅರ್ಥ, ರಾಯಣ್ಣನು ತಿರುಗಾಡಿದ ಊರುಗಳ ನಕ್ಷೆ ಇವೆಲ್ಲವನ್ನು ಒಂದೆಡೆ ಹಿಡಿದಿಡಬಲ್ಲ ಸಾಧನವು ಈಗ ಹಾಡುವವನ ಜೇಬಿನಲ್ಲಿಯೇ ಉಂಟು. ಆ ಹಾಡುಗಾರರಲ್ಲಿ ಹಲವರು ಮುದುಕರಾಗಿದ್ದಾರೆ. ಅವರ ಮಾತಿನ ಮರ್ಮವನ್ನು ಬಲ್ಲವನು ಅದೇ ಓಣಿಯ ಹುಡುಗನೇ ಹೊರತು ದೂರದ ಕಂಪನಿಯ ನೌಕರನಲ್ಲ.

ಧ್ವನಿಯ ವಿಷಯದಲ್ಲಿ ಇನ್ನೂ ಒಂದು ಸಂಗತಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್‌ನೊಡನೆ ಕೂಡಿ 2022ರಲ್ಲಿ ಸಾರಿದ 'ವಾಣಿ' ಯೋಜನೆಯು ದೇಶದ 773 ಜಿಲ್ಲೆಗಳ ಜನರ ಆಡುಮಾತನ್ನು ಕೂಡಿಡುವ ಗುರಿಯನ್ನು ಇಟ್ಟುಕೊಂಡಿತು. ಅದರ ಸಂಗ್ರಹವನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡುತ್ತ ಬಂದಿದ್ದಾರೆ. 'ಹೊರಟಿದ್ದೇನೆ' ಎಂದರೆ ತಿಳಿದು 'ಹೊಂಟೀನ್ರಿ' ಎಂದರೆ ಬೆಪ್ಪಾಗುವ ಯಂತ್ರವು ನಮ್ಮ ಒಕ್ಕಲಿಗನಿಗೆ ಪ್ರಯೋಜನಕ್ಕೆ ಬಾರದು. ಅದಕ್ಕೆ ನಮ್ಮ ಮಾತನ್ನು ಕಲಿಸುವ ಸಾಮಗ್ರಿಯು ಹೀಗೆ ತೆರೆದ ಬಾಗಿಲಿನಲ್ಲಿರುವಾಗ, ಅದು ಇದೆಯೆಂಬ ಸುದ್ದಿಯೇ ಬೈಲಹೊಂಗಲಕ್ಕೆ ಮುಟ್ಟದಿದ್ದರೆ ಏನು ಫಲ? ಹಿಂದೆ ಒಮ್ಮೆ ಹೀಗೆಯೇ ಕಾದು ಕುಳಿತೆವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡಕ್ಕೆ ಆಸರೆ ದೊರೆತುದು 2012ರ 4.1ನೆಯ ಆವೃತ್ತಿಯಲ್ಲಿ, ಮೊಬೈಲಿನ ಸೂಚನೆಗಳೇ ಕನ್ನಡದಲ್ಲಿ ಬಂದುದು 2014ರ 5.0 ಆವೃತ್ತಿಯಲ್ಲಿ. ಅಲ್ಲಿಯ ತನಕ ಎಷ್ಟೋ ಮೊಬೈಲುಗಳಲ್ಲಿ ನಮ್ಮ ಲಿಪಿಯು ಚೌಕಗಳ ಸಾಲಾಗಿ ಕಾಣುತ್ತಿತ್ತು. ಅಕ್ಷರಕ್ಕೆ ಆದಷ್ಟು ವಿಳಂಬವು ಧ್ವನಿಗೂ ಆಗಬೇಕೆ?

ಕರ್ತವ್ಯವು ಯಾರದು? ನಾವು ಮೊದಲು ಬೆರಳು ತೋರಿಸುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಭಾಗವನ್ನು ಆಳುವ ಈ ಸಂಸ್ಥೆಯು 1998ರಿಂದ ಬೆಳಗಾವಿಯಲ್ಲಿಯೇ ನೆಲಸಿದೆ. ವರ್ಷಕ್ಕೊಮ್ಮೆ ತನ್ನ ಅಂಗಳದಲ್ಲಿ ಕನ್ನಡದಲ್ಲಿಯೇ ನಡೆಯುವ ಆ್ಯಪ್ ರಚಕರ ಕೂಟವೊಂದನ್ನು ಕರೆಯುವುದು ಅದಕ್ಕೆ ಭಾರವಲ್ಲ. ಪದವಿಯಿಲ್ಲದ ತರುಣರಿಗೂ ಅಲ್ಲಿ ಬಾಗಿಲು ತೆರೆದಿರಬೇಕೆಂಬುದನ್ನು ಮಾತ್ರ ಒತ್ತಿ ಹೇಳುತ್ತೇವೆ. ಬೆಂಗಳೂರಿನ ಆಚೆಗೂ ಉದ್ಯಮವನ್ನು ಹಬ್ಬಿಸುತ್ತೇವೆಂದು ಸಾರಿರುವ ಸರಕಾರದವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಒಂದು ಗುಂಪಾಗಿ ಎಣಿಸಿದ್ದಾರೆ. ಒಳ್ಳೆಯದೇ. ಆದರೆ ಉದ್ಯಮಪತಿಗಳನ್ನು ಕರೆದು ಊಟ ಹಾಕುವುದರಿಂದ ರಚಕರು ಹುಟ್ಟುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ಪುಟದ ಕನ್ನಡ ಸಮಾಚಾರಪತ್ರ, ಅದರಲ್ಲಿ ಬದಲಾದ ನಿಯಮಗಳು, ಅವುಗಳ ಕೊನೆಯ ತಾರೀಖು, ಹೊಸ ಉಪಕರಣಗಳ ಪರಿಚಯ, ಮುಂದಿನ ಸಭೆಗಳ ಸ್ಥಳ; ಅದರ ಒಂದು ಪ್ರತಿಯು ಪ್ರತಿಯೊಂದು ಗ್ರಾಮ ಪಂಚಾಯತಿಯ ಗ್ರಂಥಾಲಯದ ಹಲಗೆಯ ಮೇಲೆ. ಇದಕ್ಕೆ ತಗಲುವ ವೆಚ್ಚವು ಒಂದು ಔತಣದ ವೆಚ್ಚಕ್ಕಿಂತ ಹೆಚ್ಚಾಗಲಾರದು. ನಾಮಫಲಕಗಳ ಕನ್ನಡಕ್ಕಾಗಿ ಬೀದಿಗಿಳಿಯುವ ನಮ್ಮ ಸಂಘಗಳವರಲ್ಲಿ ಇಂಗ್ಲಿಷನ್ನೂ ತಂತ್ರವನ್ನೂ ಬಲ್ಲವರು ಇಲ್ಲದಿಲ್ಲ. ಅವರು ತಿಂಗಳಿಗೆ ಎರಡು ಸಂಜೆಗಳನ್ನು ಈ ಅನುವಾದಕ್ಕೆ ಕೊಟ್ಟರೆ ಫಲಕದ ಕನ್ನಡಕ್ಕಿಂತ ಹೆಚ್ಚಿನ ಕನ್ನಡವು ಹುಟ್ಟೀತು.

ತತ್ಕಾಲಕ್ಕೆ ಮಾಡಬಹುದಾದ ಕೆಲಸವೊಂದುಂಟು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆಯು ಥ್ಯಾಕರೆಯ ದಂಡನ್ನು ಮುರಿದುದರ ನೆನಪಿಗೆ ಕಿತ್ತೂರಿನಲ್ಲಿ ಉತ್ಸವವು ನಡೆಯುತ್ತದೆ. ಕುಸ್ತಿಯ ಕಣ, ವಸ್ತುಪ್ರದರ್ಶನ, ಸಂಗೀತದ ವೇದಿಕೆಗಳಿಗೆ ಅಲ್ಲಿ ಸ್ಥಳ ಉಂಟು. ಅವುಗಳ ಮಗ್ಗುಲಲ್ಲಿ ಒಂದು ಚಪ್ಪರ, ಇಪ್ಪತ್ತು ಮೇಜು, ವಿದ್ಯುತ್ತು, ಇಂಟರ್ನೆಟ್ಟು ಇಷ್ಟನ್ನು ಆ್ಯಪ್ ರಚಿಸುವ ತರುಣರಿಗೆ ಒಂದು ದಿನಕ್ಕೆ ಬಿಟ್ಟುಕೊಡಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಾಲೇಜುಗಳಿಗೆ ಆಮಂತ್ರಣ ಹೋಗಲಿ. ಬೆಂಗಳೂರಿನಲ್ಲಿ ಹೆಸರು ಮಾಡಿದ ಈ ಭಾಗದ ತಜ್ಞರು ಬಂದು ಕನ್ನಡದಲ್ಲಿ ಪಾಠ ಹೇಳಲಿ. ಉತ್ಸವಕ್ಕೆ ಬಂದ ಜನರಲ್ಲಿಯೇ ಪ್ರತಿಯೊಂದು ಆ್ಯಪಿಗೂ ಹನ್ನೆರಡು ಮಂದಿ ಪರೀಕ್ಷಕರು ಆ ದಿನವೇ ದೊರೆತಾರು. ಉತ್ಸವದ ಖರ್ಚಿನ ಪಟ್ಟಿಯು ಅಂತಿಮವಾಗುವ ಮುನ್ನವೇ ಜಿಲ್ಲಾಧಿಕಾರಿಗಳು ಈ ಚಪ್ಪರವನ್ನು ಅದರಲ್ಲಿ ಸೇರಿಸುವರೆಂದು ನಾವು ನಿರೀಕ್ಷಿಸುತ್ತೇವೆ.