ಗಾಜಿನ ಪೆಟ್ಟಿಗೆಯೊಳಗಿನ ಕಾಲ್ಮರಿ

ಬೆಳಗಾವಿಯಿಂದ ಕೊಲ್ಲಾಪುರದ ಮಹಾಲಕ್ಷ್ಮಿಗೆ ಹೋದವರು ಚಪ್ಪಲ್ ಲೈನ್‌ಗೆ ಕಾಲಿಡದೆ ಮರಳುವುದು ಕಡಿಮೆ. ಅಲ್ಲಿ ಚೌಕಾಸಿ ಮಾಡಿ ಕೊಂಡ ಜೋಡಿ ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಹೆಣೆದದ್ದಿರಬಹುದು. ಚೀಲದಲ್ಲಿ ಗಡಿ ದಾಟಿ ಹೋದದ್ದು, ಕಾಲಲ್ಲಿ ಗಡಿ ದಾಟಿ ವಾಪಸು ಬರುತ್ತದೆ.

2025ರ ಜೂನ್‌ನಲ್ಲಿ ಇದೇ ಮಾದರಿಯ ಕಾಲ್ಮರಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳ ಕಾಲಲ್ಲಿತ್ತು. ಕಂಪನಿ ಅದನ್ನು ‘ಚರ್ಮದ ಚಪ್ಪಲಿ’ ಎಂದಷ್ಟೇ ಕರೆಯಿತು. ಕೊಲ್ಲಾಪುರ ಸಿಟ್ಟಿಗೆದ್ದಿತು. ಕೊಲ್ಲಾಪುರದ ಹೆಸರೊಂದೇ ಮೊಳಗುವುದನ್ನು ಕಂಡು ನಮ್ಮವರೂ ಎದ್ದರು: ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನು ಮರೆಯಬೇಡಿ ಎಂದು ಸಚಿವ ಪ್ರಿಯಾಂಕ್ ಖರ್ಗೆ ಬರೆದರು. ಮಾತು ಸುಳ್ಳಲ್ಲ. 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಎರಡೂ ರಾಜ್ಯಗಳದ್ದು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಮ್ಮ ಚರ್ಮ ನಿಗಮ ಲಿಡ್‌ಕರ್ ಬಿಗಿಯಾಗಿ ನಿಂತದ್ದಕ್ಕೆ ಆ ಪಾಲು ದಕ್ಕಿತು.

ಆದರೂ ‘ಅಥಣಿ ಚಪ್ಪಲಿ ಎಂದೇ ಕರೆಯಿರಿ’ ಎಂಬ ಕೂಗಿಗೆ ನಾನು ದನಿಗೂಡಿಸಲಾರೆ. ಕೊಲ್ಲಾಪುರದ ಶಾಹೂ ಮಹಾರಾಜರು ಈ ಕಸುಬಿಗೆ ಆಸರೆ ಕೊಟ್ಟರು, ಪೇಟೆ ಅಲ್ಲಿ ಬೆಳೆಯಿತು, ಹೆಸರು ಪೇಟೆಯದಾಯಿತು. ನಾಳೆ ಬೋರ್ಡು ಬದಲಾದರೆ ಬೋರ್ಡು ಬರೆಯುವವನಿಗೆ ಒಂದು ದಿನದ ಕೂಲಿ ಸಿಗುತ್ತದೆ. ಆರಿ ಹಿಡಿದವನಿಗೆ?

2025ರ ಡಿಸೆಂಬರಿನಲ್ಲಿ ಪ್ರಾಡಾ ಎರಡೂ ರಾಜ್ಯಗಳ ಚರ್ಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮೇಲೆ. ಗೆದ್ದೆವು ಎಂದು ಕುಣಿದವರಿಗೆ ನನ್ನದೊಂದೇ ಪ್ರಶ್ನೆ: ಆ 80 ಸಾವಿರದಲ್ಲಿ ಎಷ್ಟು ರೂಪಾಯಿ ಹೆಣೆದವಳ ಕೈಗೆ? ಹೆಣೆದವಳು ಎಂದು ಬೇಕೆಂದೇ ಬರೆದೆ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರು. ಪಟ್ಟಿ ಹೆಣೆಯುವುದು, ಚರ್ಮದ ದಾರದಲ್ಲೇ ಹೊಲಿಯುವುದು ಮನೆಯ ಹೆಂಗಸರು. ಆ ಹೆಣಿಗೆಯೇ ಮಿಲಾನಿನವರ ಕಣ್ಣು ಕುಕ್ಕಿದ್ದು.

ಮಿಲಾನನ್ನು ಬೈಯುವುದು ಸುಲಭ. ನಾವು ನಡೆಸುವ ಪ್ರದರ್ಶನಗಳೇನು ಬೇರೆಯೇ? ದಿಲ್ಲಿ ಹಾಟ್, ಸೂರಜ್‌ಕುಂಡ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳ ಎಂದು ನೋಡತಕ್ಕ ಮೇಳಗಳ ಪಟ್ಟಿ ಉದ್ದವಿದೆ. ಚಪ್ಪಲಿಯ ಮೇಲೆ ದೀಪ ಬೀಳುತ್ತದೆ, ಪಕ್ಕದಲ್ಲಿ ‘ಪಾರಂಪರಿಕ ಕಲೆ’ ಎಂಬ ಚೀಟಿ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಎಮ್ಮೆಯ ಚರ್ಮ ದಿನಗಟ್ಟಲೆ ನೆನೆದದ್ದು ಆ ಚೀಟಿಯಲ್ಲಿಲ್ಲ. ಆ ವಾಸನೆಗೆ ಮೂಗು ಮುಚ್ಚಿಕೊಂಡು ಡೋರರನ್ನು, ಸಮಗಾರರನ್ನು ಊರಾಚೆ ಇಟ್ಟದ್ದಂತೂ ಇಲ್ಲವೇ ಇಲ್ಲ. ಕುಶಲಕರ್ಮಿ ಮಳಿಗೆಯಲ್ಲಿ ಹತ್ತು ದಿನ ಕೂತರೆ ಮನೆಯಲ್ಲಿ ಹತ್ತು ದಿನದ ಕೆಲಸ ನಿಂತಿತು. ಅದೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಪ್ರದರ್ಶನವೇ ಬೇಡ ಎನ್ನುತ್ತಿಲ್ಲ. ಅಥಣಿಯ ಟೋಹೋಲ್ಡ್ ಗುಂಪಿನ ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡು ಹೊರದೇಶದ ಪೇಟೆಗೂ ಮಾಲು ಮುಟ್ಟಿಸಿದ್ದಾರೆ. ಅಲ್ಲಿ ಮಾಡಿದವರೇ ಮಾಲೀಕರು. ನಾನು ಹೇಳುತ್ತಿರುವ ಭೇದ ಇಷ್ಟೇ.

ಸಮಗಾರ ಹರಳಯ್ಯನ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಡ ಹೆಂಡತಿ ತೊಡೆಯ ಚರ್ಮದಲ್ಲಿ ಮಾಡಿ ತಂದ ಪಾದುಕೆಯನ್ನು ಬಸವಣ್ಣ ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಜಯಂತಿಯ ಭಾಷಣಗಳು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತವೆ. ಕತೆ ಮುಂದಿದೆ: ಬ್ರಾಹ್ಮಣ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಮದುವೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಚಪ್ಪಲಿಗೆ ಕೈಮುಗಿದದ್ದಕ್ಕೆ ದೊರೆ ಬಿಜ್ಜಳನ ತಕರಾರಿರಲಿಲ್ಲ. ಮಾಡಿದವನು ಬೀಗನಾದಾಗ ಆನೆಯ ಕಾಲಿಗೆ ಕಟ್ಟಿಸಿದ.

ಲಿಡ್‌ಕರ್‌ಗೆ ನನ್ನ ಒತ್ತಾಯ ಎರಡು. ಪ್ರಾಡಾ ಜೋಡಿಯೊಂದಕ್ಕೆ ಹೆಣೆದವರಿಗೆ ಸಂದ ಕೂಲಿಯನ್ನು ಬಹಿರಂಗಪಡಿಸಲಿ. ಮುಂದಿನ ದೊಡ್ಡ ಪ್ರದರ್ಶನವನ್ನು ಬೆಂಗಳೂರಿನಲ್ಲಿ ಬೇಡ, ಅಥಣಿಯ ಸಮಗಾರರ ಓಣಿಯಲ್ಲೇ ಇಡಲಿ. ಚರ್ಮ ನೆನೆಯುವ ಕುಂಡದ ಪಕ್ಕದಲ್ಲಿ ನಿಂತು, ಮೂಗು ಮುಚ್ಚದೆ, ಮಂತ್ರಿಗಳು ರಿಬ್ಬನ್ ಕತ್ತರಿಸಲಿ. ಕತ್ತರಿ ಅಲ್ಲೇ ಸಿಗುತ್ತದೆ.