ಮತವಿಲ್ಲದವನ ನ್ಯಾಯ

ನಾಗಾವಿಯಿಂದ ಪಶ್ಚಿಮದತ್ತ ಹೊರಟು ಹುಬ್ಬಳ್ಳಿಯನ್ನು ದಾಟಿ ಮುಂದೆ ಹೋದರೆ ಮುಂಡಗೋಡ ಸಿಗುತ್ತದೆ. ಅಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಭತ್ತ, ಗೋವಿನಜೋಳ ಬೆಳೆದಿದ್ದಾರೆ, ಮಠಗಳನ್ನು ಕಟ್ಟಿದ್ದಾರೆ. ಅವರಿಗೆ ನೆಲವನ್ನು ಕೊಟ್ಟದ್ದು ಅಂದಿನ ಮೈಸೂರು ರಾಜ್ಯ ಸರ್ಕಾರ. ಆದರೆ ಕರುಣೆಯಿಂದ ಬಂದದ್ದು ಕರುಣೆ ಬತ್ತಿದಾಗ ಹೋಗಬಹುದು. ಹಕ್ಕು ಹಾಗಲ್ಲ, ಅದನ್ನು ಕೇಳಿ ಪಡೆಯಲು ಒಂದು ಬಾಗಿಲಿರಬೇಕು. ಆ ಬಾಗಿಲೇ ನ್ಯಾಯಾಲಯ.

ಭಾರತದಲ್ಲಿ ನಿರಾಶ್ರಿತರಿಗಾಗಿಯೇ ರಚಿತವಾದ ಪ್ರತ್ಯೇಕ ಕಾನೂನಿಲ್ಲ. ಆದರೆ ಸಂವಿಧಾನದ 21ನೆಯ ವಿಧಿಯು ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆ ನೀಡುವಾಗ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎಂದಿದೆ. ಈ ಒಂದು ಪದದ ಬಲದಿಂದಲೇ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಕ್ಮಾ ಜನರ ಜೀವವನ್ನು ರಕ್ಷಿಸಬೇಕೆಂದು ಅರುಣಾಚಲ ಪ್ರದೇಶ ಸರ್ಕಾರಕ್ಕೆ ಆಜ್ಞಾಪಿಸಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟ್ಟಿನವನು ಜನ್ಮತಃ ಭಾರತೀಯನೇ ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು.

‘ನಮ್ಮವರಿಗೇ ಸಾಲದಿರುವಾಗ ಹೊರಗಿನವರಿಗೇಕೆ?’ ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ದೇಶದಲ್ಲಿ ನೆಲೆಸುವ ಮೂಲಭೂತ ಹಕ್ಕು ನಾಗರಿಕರದೇ ಎಂಬುದನ್ನು ನ್ಯಾಯಾಲಯವೂ ಒಪ್ಪಿದೆ. 2021ರಲ್ಲಿ ರೋಹಿಂಗ್ಯಾ ನಿರಾಶ್ರಿತರ ಗಡೀಪಾರನ್ನು ತಡೆಯಲು ಅದು ನಿರಾಕರಿಸಿತು. ಆಗಲೂ, ಕಾನೂನಿನ ಕ್ರಮವನ್ನು ಪಾಲಿಸದೆ ಯಾರನ್ನೂ ಹೊರಗಟ್ಟಬಾರದೆಂದು ವಿಧಿಸಿತು. ಹೀಗೆ ನ್ಯಾಯಾಲಯವು ಗಡಿಯನ್ನು ತೆರೆಯುವುದಿಲ್ಲ. ಗಡಿಯ ಒಳಗೆ ಅನ್ಯಾಯವು ನುಸುಳದಂತೆ ಕಾಯುತ್ತದೆ.

ಮತವಿಲ್ಲದವನ ಮನೆಗೆ ಮತ ಕೇಳುವವರು ಬರುವುದಿಲ್ಲ. ಅವನ ಮಾತನ್ನು ಕೇಳಲೇಬೇಕಾದ ಸ್ಥಳ ನ್ಯಾಯಾಲಯ. ಅಂಥವನಿಗೆ ದೊರೆಯುವ ನ್ಯಾಯವೇ ದೇಶದ ನ್ಯಾಯಕ್ಕೆ ಒರೆಗಲ್ಲು.